ಸರಳವಾಗಿರ್ತೀವಿ ಅಂತ ಬಂದೋರು ಕಟ್ಟಿದ ಫೌಂಟನ್ಸ್ ಅಬ್ಬೆ

ಹಾಯ್ ಎಲ್ರಿಗೂ, ನಮಸ್ಕಾರ. ಈಗ ನೀವು ನೋಡ್ತಿರೋದು ಇಂಗ್ಲೆಂಡ್‌ನ ಯಾರ್ಕ್‌ಷೈರ್, ರಿಪನ್ ಅನ್ನೋ ಪುಟ್ಟ ಊರಿಗೆ ಹತ್ರದಲ್ಲೇ ಇರೋ ಫೌಂಟನ್ಸ್ ಅಬ್ಬೆ. ಅಬ್ಬೆ ಅಂದ್ರೆ ಕ್ರೈಸ್ತ ಸನ್ಯಾಸಿಗಳ ಮಠ. ಚಾವಣಿ ಹೋಗಿದೆ, ಕಿಟಕಿಗೆ ಗಾಜಿಲ್ಲ, ಚರ್ಚ್ ಒಳಗೆ ನೆಲದ ತುಂಬಾ ಹುಲ್ಲು, ಆದ್ರೂ ಇದು ಬರೀ ಪಾಳು ಅನ್ನಿಸಲ್ಲ, ಯಾಕಂದ್ರೆ ಚರ್ಚ್ ಗೋಡೆಗಳು ಬಹುಪಾಲು ಇನ್ನೂ ಪೂರ್ತಿ ಎತ್ತರಕ್ಕೆ ನಿಂತಿವೆ.

ಕತೆ ಶುರುವಾಗೋದು ಜಗಳದಿಂದ. 1132ರಲ್ಲಿ ಯಾರ್ಕ್ ನಗರದ ಸೇಂಟ್ ಮೇರೀಸ್ ಮಠದಲ್ಲಿ ಕೆಲವು ಸನ್ಯಾಸಿಗಳಿಗೆ ತಲೆ ಕೆಟ್ಟೋಯ್ತು, ಇಲ್ಲಿ ಊಟ ಜಾಸ್ತಿ ಆಯ್ತು, ಮಾತು ಜಾಸ್ತಿ ಆಯ್ತು, ನಿಯಮ ಅನ್ನೋದು ಬರೀ ಹೆಸರಿಗೆ ಅಂತ. ದೊಡ್ಡ ಗಲಾಟೆನೇ ಆಗಿ 13 ಜನ ಹೊರಗೆ ಬಂದ್ರು. ಯಾರ್ಕ್‌ನ ಆರ್ಚ್‌ಬಿಷಪ್, ಅಂದ್ರೆ ಅಲ್ಲಿನ ಚರ್ಚ್‌ಗಳಿಗೆಲ್ಲ ಮುಖ್ಯಸ್ಥ ಆಗಿದ್ದ ಥರ್ಸ್ಟನ್, ಈ 13 ಜನಕ್ಕೆ ಸ್ಕೆಲ್ ನದಿ ಕಣಿವೆಯಲ್ಲಿ ಈ ಜಾಗ ಕೊಟ್ಟ, ಅದೂ ಡಿಸೆಂಬರ್ ಕೊನೆಗೆ! ಕಾಡು, ಮುಳ್ಳು, ಬಂಡೆ. ಮೊದಲನೇ ಚಳಿಗಾಲ ಒಂದು ಎಲ್ಮ್ ಮರದ ಕೆಳಗೇ ಇದ್ರು ಅಂತ ಹೇಳ್ತಾರೆ. ಆಮೇಲೆ ಫ್ರಾನ್ಸ್‌ನ ಕ್ಲೇರ್ವೋ ಮಠಕ್ಕೆ ಪತ್ರ ಬರೆದು, ನಮ್ಮನ್ನ ಸಿಸ್ಟರ್ಸಿಯನ್ ಅನ್ನೋ ಕಟ್ಟುನಿಟ್ಟಿನ ಸನ್ಯಾಸಿ ಪಂಥಕ್ಕೆ ಸೇರಿಸ್ಕೊಳ್ಳಿ ಅಂತ ಕೇಳ್ಕೊಂಡ್ರು, ಅಲ್ಲಿಂದ ಒಬ್ಬ ಹಿರಿಯ ಸನ್ಯಾಸಿ ಬಂದು ಹೆಂಗೆ ಬದುಕ್ಬೇಕು, ಹೆಂಗೆ ಕಟ್ಬೇಕು ಅಂತೆಲ್ಲ ಹೇಳಿಕೊಟ್ಟ. ಹಾಗಿದ್ರೂ ಕೈಯಲ್ಲಿ ಕಾಸಿರಲಿಲ್ಲ. ಯಾರ್ಕ್‌ನ ಡೀನ್, ಅಂದ್ರೆ ಅಲ್ಲಿನ ದೊಡ್ಡ ಚರ್ಚ್ ನೋಡ್ಕೊಳ್ಳೋ ಹಿರಿಯ ಪಾದ್ರಿ, ಹ್ಯೂ ಅನ್ನೋರು ತಮ್ಮ ದುಡ್ಡು, ಪುಸ್ತಕ ಎಲ್ಲಾ ತಗೊಂಡು ಇಲ್ಲಿಗೇ ಬಂದ ಮೇಲೇನೇ ಮಠ ಉಸಿರಾಡಿದ್ದು.

ಸಿಸ್ಟರ್ಸಿಯನ್ನರು ಅಂದ್ರೆ ಬಣ್ಣ ಹಾಕದ ಉಣ್ಣೆ ಬಟ್ಟೆ, ಮಾಂಸ ಇಲ್ಲ, ಚರ್ಚ್‌ನಲ್ಲಿ ಚಿತ್ರ-ಕೆತ್ತನೆ-ಬಣ್ಣದ ಗಾಜು ಬೇಡ, ಕಲ್ಲಿನ ಗಂಟೆ ಗೋಪುರವಂತೂ ಬೇಡವೇ ಬೇಡ. ಈಗ ಚರ್ಚ್ ಮಧ್ಯಭಾಗ ನೋಡಿ, ದಪ್ಪ ದುಂಡು ಕಂಬ, ಮೇಲೆ ಚೂಪು ಕಮಾನು, ಅಷ್ಟೇ. ಕಲ್ಲು ಎಲ್ಲಿಂದ ತಂದ್ರು ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ, ಪಕ್ಕದ ಕಣಿವೆ ಗೋಡೆಯಿಂದಲೇ ಒಡೆದಿರೋದು.

ಬನ್ನಿ, ನಂಗೆ ತುಂಬಾ ಇಷ್ಟ ಆದ ಜಾಗಕ್ಕೆ ಹೋಗೋಣ. ಇದು ಸೆಲ್ಲೇರಿಯಮ್. ಸುಮಾರು 90 ಮೀಟರ್ ಉದ್ದ, ನಡುವೆ ಒಂದೇ ಸಾಲು ಕಂಬ, ಪ್ರತಿ ಕಂಬದಿಂದ ಕಲ್ಲಿನ ಪಟ್ಟಿಗಳು ನೇರ ಮೇಲಕ್ಕೆ ಹೋಗಿ ಹಂಗೇ ಹರಡ್ಕೊಂಡಿವೆ, ಅಡಿಕೆ ತೋಟದೊಳಗೆ ನಿಂತು ತಲೆ ಎತ್ತಿದಂಗೆ ಇದೆ ಅಲ್ವಾ. ಈಗ ಒಂದೇ ಹಾಲ್ ಥರ ಕಾಣುತ್ತೆ, ಆದ್ರೆ ಆಗ ಅಡ್ಡಗೋಡೆ ಇತ್ತು, ಒಂದಷ್ಟು ಉಗ್ರಾಣ, ಒಂದಷ್ಟು ಲೇ ಬ್ರದರ್ಸ್ (ಅವರು ಯಾರು ಅಂತ ಈಗಲೇ ಹೇಳ್ತೀನಿ) ಊಟದ ಮನೆ, ಮೇಲಿನ ಮಹಡಿಯಲ್ಲಿ ಅವರು ಮಲಗೋ ಜಾಗ. ಒಂದು ತುದಿಯಂತೂ ನದಿ ಮೇಲೇನೇ ಕಟ್ಟಿದಾರೆ, ಕೆಳಗೆ ಕಮಾನು, ಅದರೊಳಗೆ ನೀರು ಹರಿಯುತ್ತೆ, ಅವರ ಶೌಚಾಲಯನೂ ಆ ನೀರಿನ ಮೇಲೇ. ಆ ಕಾಲಕ್ಕೆ ಸೂಪರ್ ಪ್ಲಾನಿಂಗ್ ಬಿಡಿ.

ಲೇ ಬ್ರದರ್ಸ್ ಅಂದ್ರೆ ಯಾರು? ಅವರೂ ವ್ರತ ತಗೊಂಡೋರೇ, ಆದ್ರೆ ಓದು ಬರಹ ಇಲ್ಲದೋರು, ಕಲಿಯೋಕೂ ಬಿಡ್ತಿರಲಿಲ್ಲ. ಹೊಲ ಉಳೋದು, ಕುರಿ ಕಾಯೋದು, ಕಲ್ಲು ಕೆಲಸ, ಎಲ್ಲಾ ಇವರದ್ದೇ. ಚರ್ಚ್‌ನಲ್ಲೂ ಪಶ್ಚಿಮದ ಅರ್ಧ ಇವರಿಗೆ, ಪೂರ್ವದ ಅರ್ಧ ಓದಿದ ಸನ್ಯಾಸಿಗಳಿಗೆ, ಮಧ್ಯೆ ಅಡ್ಡಗೋಡೆ. ದೇವರ ಮುಂದೆ ಎಲ್ರೂ ಒಂದೇ ಅನ್ನೋ ಮಾತು ಇಲ್ಲೂ ಗೋಡೆ ತನಕ ಮಾತ್ರ, ಏನ್ಮಾಡೋದು.

ಇವರ ಕೈಯಿಂದಲೇ ದುಡ್ಡು ಬಂದಿದ್ದು. ಯಾರ್ಕ್‌ಷೈರ್ ತುಂಬಾ ಮಠದ ಕುರಿ ಫಾರ್ಮ್‌ಗಳು, ಉಣ್ಣೆ ಇಟಲಿ ವ್ಯಾಪಾರಿಗಳಿಗೆ, ಅದೂ ಮುಂದಿನ ವರ್ಷಗಳದ್ದೂ ಸೇರಿಸಿ ಅಡ್ವಾನ್ಸ್ ತಗೊಂಡು ಮಾರೋದು! ಕುರಿಗೆ ರೋಗ ಬಂದಾಗ ಸಾಲ ಕುತ್ತಿಗೆಗೆ ಬಂತು. ಆಮೇಲೆ 1348ರ ಪ್ಲೇಗ್ ಬಂದು ಲೇ ಬ್ರದರ್ಸ್ ಕಮ್ಮಿ ಆಗ್ತಾ ಹೋಗಿ, ಜಮೀನನ್ನ ಗೇಣಿಗೆ ಕೊಡೋ ಪರಿಸ್ಥಿತಿ. ಇಷ್ಟಾದ್ರೂ ಕೊನೆಗೆ ಇಂಗ್ಲೆಂಡ್‌ನ ಸಿಸ್ಟರ್ಸಿಯನ್ ಮಠಗಳಲ್ಲೆಲ್ಲ ಶ್ರೀಮಂತ ಮಠ ಇದೇ.

ಇದು ಬೆಂಕಿ ಕೋಣೆ, ಈ ಎರಡು ಒಲೆ ಎಷ್ಟು ದೊಡ್ಡದಿದೆ ನೋಡಿ. ಚಳಿಯಲ್ಲಿ ಸನ್ಯಾಸಿಗಳು ಬಂದು ಮೈ ಕಾಯಿಸ್ಕೊಂಡು, ಶೂಗೆ ಕೊಬ್ಬು ಸವರ್ಕೊಂಡು ಹೋಗ್ತಿದ್ರು. ಯಾರ್ಕ್‌ಷೈರ್ ಚಳಿ ಕಂಡೋರಿಗೆ ಈ ರೂಮಿನ ಬೆಲೆ ಗೊತ್ತು.

ಈಗ ಆ ಗೋಪುರ. ಬೇಡವೇ ಬೇಡ ಅಂದಿದ್ರಲ್ಲ, ಅದೇ. ಮಾರ್ಮಡ್ಯೂಕ್ ಹ್ಯೂಬಿ ಅನ್ನೋ ಮಠಾಧಿಪತಿ, 1495ರಿಂದ 1526ರವರೆಗೆ ಇದ್ದೋರು, ಸುಮಾರು 50 ಮೀಟರ್ ಎತ್ತರಕ್ಕೆ ಎಬ್ಬಿಸಿಬಿಟ್ರು. ಸುತ್ತಲೂ ಲ್ಯಾಟಿನ್‌ನಲ್ಲಿ ದೇವರೊಬ್ಬನಿಗೇ ಗೌರವ, ಮಹಿಮೆ ಅಂತ ಕೆತ್ತಿಸಿದಾರೆ, ಆದ್ರೆ ಗೋಪುರನ ಎಲ್ರೂ ಕರೆಯೋದು ಹ್ಯೂಬೀಸ್ ಟವರ್ ಅಂತ. ನಂಗೇನೋ ಅದು ಇಷ್ಟಾನೇ ಆಯ್ತು, ಸುಳ್ಳ್ಯಾಕೆ ಹೇಳ್ಲಿ.

ಹ್ಯೂಬಿ ಹೋದ ಮೇಲೆ ಜಾಸ್ತಿ ವರ್ಷ ಉಳೀಲಿಲ್ಲ. ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸ್ತಾ ಬಂದು 1539ರ ನವೆಂಬರ್‌ನಲ್ಲಿ ಇದರ ಸರದಿ. ಸನ್ಯಾಸಿಗಳಿಗೆ ಪಿಂಚಣಿ ಕೊಟ್ಟು ಕಳಿಸಿ, ಚಾವಣಿ ಮೇಲಿನ ಸೀಸ ಕಿತ್ತು, ಕಿಟಕಿ ಗಾಜು ಕಿತ್ತು, ಜಾಗನ ಸರ್ ರಿಚರ್ಡ್ ಗ್ರೆಷಮ್‌ಗೆ ಮಾರಿದ್ರು. ಸೀಸ ಹೋದ್ರೆ ಮಳೆ ಒಳಗೆ, ಮಳೆ ಬಿದ್ರೆ ಮರ ಕೊಳೆಯುತ್ತೆ, ಹಂಗಾಗಿ ಈಗ ಈ ಸ್ಥಿತಿ. ಪಕ್ಕದಲ್ಲಿ ಕಾಣೋ ಫೌಂಟನ್ಸ್ ಹಾಲ್ ಅನ್ನೋ ಬಂಗಲೆಗೆ ಇಲ್ಲಿದೇ ಕಲ್ಲು ಹೋಗಿದೆ.

ಇನ್ನು ಆ ಕಡೆ ಕಾಣೋ ಕೊಳ, ಗುಡಿ, ಹುಲ್ಲುಹಾಸು ಜಾನ್ ಐಸ್ಲಬಿದು. ಇಂಗ್ಲೆಂಡ್‌ನ ಹಣಕಾಸು ಮಂತ್ರಿ ಆಗಿದ್ದೋರು, 1720ರಲ್ಲಿ ಸೌತ್ ಸೀ ಅನ್ನೋ ಕಂಪನಿಯ ಶೇರು ಹಗರಣದಲ್ಲಿ ಸಿಕ್ಕಾಕೊಂಡು, ಜೈಲಿಗೂ ಹೋಗಿ, ಆಮೇಲೆ ಇಲ್ಲಿ ಬಂದು ತೋಟ ಮಾಡ್ತಾ ಕೂತ್ರು. ಮಗ ವಿಲಿಯಂ 1767ರಲ್ಲಿ ಮಠದ ಪಾಳನ್ನೂ ಕೊಂಡ್ಕೊಂಡು ತೋಟದ ಸೀನರಿಗೆ ಸೇರಿಸಿದ. 1986ರಿಂದ ಎರಡೂ ಒಟ್ಟಿಗೆ ಯುನೆಸ್ಕೋ ಪಟ್ಟಿಯಲ್ಲಿವೆ. ನಂಗೆ ತೋಟ ಓಕೆ, ಅಷ್ಟೇ.

ಆದ್ರೆ ಈ ಹಿಟ್ಟಿನ ಗಿರಣಿ ಮಿಸ್ ಮಾಡ್ಬೇಡಿ, ಜನ ನೇರ ಚರ್ಚ್ ಕಡೆ ಓಡ್ತಾರೆ, ಇದನ್ನ ನೋಡೋದೇ ಇಲ್ಲ. 12ನೇ ಶತಮಾನದ್ದು, ಸನ್ಯಾಸಿಗಳೇ ಕಟ್ಟಿಸಿದ್ದು, ಮಠ ಮುಚ್ಚಿದ್ರೂ ಇದರ ಚಾವಣಿ ಯಾರೂ ಕೀಳಲಿಲ್ಲ. 1927ರವರೆಗೂ ಇಲ್ಲಿ ಹಿಟ್ಟು ಬೀಸ್ತಾನೇ ಇದ್ರು.