ಏನಾಗಿತ್ತು ನಿಮಗೆ?

ನಮಸ್ಕಾರ. ಫ್ಯಾನ್ ಆಫ್ ಮಾಡಿದೀನಿ, ಬಾಗಿಲು ಹಾಕಿದೀನಿ. ಪಕ್ಕದ ಸೈಟಲ್ಲಿ ಬೋರ್‌ವೆಲ್ ಕೊರೀತಿದಾರೆ, ಅದನ್ನ ನಿಲ್ಲಿಸೋದು ನನ್ನ ಕೈಲಾಗಲ್ಲ. ಬಸವೇಶ್ವರನಗರದಲ್ಲಿ ರೆಕಾರ್ಡಿಂಗ್ ಅಂದ್ರೆ ಇಷ್ಟೇ, ಸಹಿಸ್ಕೊಳ್ಳಿ.

ಹೋದ ವಾರ ರಾಜಸ್ಥಾನದ ಜೈಸಲ್ಮೇರ್ ವಿಡಿಯೋ ಹಾಕಿದ್ನಲ್ಲ, ನಾನೊಬ್ಬಳೇ ಕಾರು ಓಡಿಸ್ಕೊಂಡು ಹೋಗಿದ್ದು. ಅದರ ಕೆಳಗೆ ಒಬ್ರು ಬರೆದಿದಾರೆ, "ಮೇಡಂ, ಒಬ್ಬರೇ ಮರುಭೂಮಿಗೆ ಹೋಗಿದೀರ. ಏನಾಗಿತ್ತು ನಿಮಗೆ?" ಅದಕ್ಕೆ ಇನ್ನೊಬ್ರು ನನ್ನ ಪರವಾಗಿ ಉತ್ತರ ಬೇರೆ ಕೊಟ್ಟಿದಾರೆ, "ಪಾಪ, ಹೀಲಿಂಗ್ ಜರ್ನಿ ಇರ್ಬೇಕು ಬಿಡಿ." ಹೀಲಿಂಗ್ ಅಂದ್ರೆ ಮನಸ್ಸಿನ ಗಾಯ ಮಾಯಿಸ್ಕೊಳ್ಳೋದಂತೆ. ಪಾಪ ಅಂತೆ! ನಂಗೆ 47 ವರ್ಷ, ಕಾರಿನ ಸಾಲ ತೀರಿಸಿದೀನಿ, ಬಿಪಿ ನಾರ್ಮಲ್ ಇದೆ. ಪಾಪ ಯಾಕ್ರೀ?

ಏನೂ ಆಗಿರ್ಲಿಲ್ಲ. ರಜೆ ಇತ್ತು. 14 ದಿನ ಉಳಿದಿತ್ತು, ಡಿಸೆಂಬರ್ ಒಳಗೆ ತಗೊಳ್ದಿದ್ರೆ ಲ್ಯಾಪ್ಸ್ ಆಗ್ತಿತ್ತು, ತಗೊಂಡೆ.

ಎರಡು ವರ್ಷದ ಹಿಂದೆ ನಮ್ಮೆಜಮಾನ್ರು ಬುಲೆಟ್ ಹತ್ಕೊಂಡು ಲಡಾಖ್‌ಗೆ ಹೋಗಿ ಬಂದ್ರು. ಮುಖ ಎಲ್ಲ ಸುಟ್ಟ ಬದನೇಕಾಯಿ ಥರ ಆಗಿತ್ತು. ಇಡೀ ರಸ್ತೇಲಿ ಒಬ್ರಾದ್ರೂ ಕೇಳಿದ್ರಾ, "ಏನಾಗಿತ್ತು ನಿಮಗೆ" ಅಂತ? ಎದುರುಮನೆ ಅಂಕಲ್ ಕೇಳಿದ್ದು ಒಂದೇ ಪ್ರಶ್ನೆ, "ಮೈಲೇಜ್ ಎಷ್ಟು ಕೊಡ್ತು?" ಗಂಡಸು ಹೋದ್ರೆ ಟ್ರಿಪ್ಪು, ಹೆಂಗಸು ಹೋದ್ರೆ ಟ್ರೀಟ್‌ಮೆಂಟು. ಬರ್ಕೊಳ್ಳಿ. ಟೀಶರ್ಟ್ ಮೇಲೆ ಹಾಕ್ಸೋಣ ಅಂತಿದೀನಿ, ಯಾರಿಗೆ ಬೇಕು ಹೇಳಿ.

ಇದು ಇವತ್ತಿನ ಕಥೆ ಅಲ್ಲ. ಪ್ರಪಂಚದಲ್ಲಿ ಮೊಟ್ಟಮೊದಲು ಕಾರಲ್ಲಿ ಲಾಂಗ್ ಡ್ರೈವ್ ಹೋದೋರು ಯಾರು ಗೊತ್ತಾ? ಹೆಂಗಸು. ಜರ್ಮನಿಯ ಬರ್ತಾ ಬೆಂಝ್. 1888ನೇ ಇಸವಿ, ಆಗಸ್ಟ್ ತಿಂಗಳು. ಕಾರು ಮಾಡಿದ್ದು ಗಂಡ ಕಾರ್ಲ್, ಆದ್ರೆ ಅದನ್ನ ನಂಬಿ ದೂರ ಓಡಿಸೋ ಧೈರ್ಯ ಆತನಿಗಿರ್ಲಿಲ್ಲ. ಈಯಮ್ಮ ಗಂಡನಿಗೆ ಒಂದು ಮಾತೂ ಹೇಳ್ದೆ, ಇಬ್ರು ಗಂಡು ಮಕ್ಕಳನ್ನ ಕೂರಿಸ್ಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟೇಬಿಟ್ರು, ಸುಮಾರು 100 ಕಿಲೋಮೀಟರು. ದಾರೀಲಿ ಇಂಧನದ ಪೈಪು ಕಟ್ಕೊಂಡಾಗ ಟೋಪಿಗೆ ಚುಚ್ಚಿದ್ದ ಪಿನ್ನು ತೆಗೆದು ಕ್ಲೀನ್ ಮಾಡಿದ್ರು. ಪೆಟ್ರೋಲ್ ಬಂಕ್ ಅನ್ನೋದೇ ಹುಟ್ಟಿರ್ಲಿಲ್ಲ, ಔಷಧಿ ಅಂಗಡೀಲಿ ಇಂಧನ ಕೊಂಡ್ರು. ಇಷ್ಟೆಲ್ಲ ಮಾಡಿದ ಆ ಹೆಂಗಸು ಎಲ್ಲಿಗೆ ಹೊರಟಿದ್ದು? ತವರುಮನೆಗೆ! ಪ್ರಪಂಚದ ಮೊದಲ ರೋಡ್ ಟ್ರಿಪ್ಪಿಗೂ "ಅಮ್ಮನ ನೋಡ್ಕೊಂಡ್ ಬರ್ತೀನಿ" ಅನ್ನೋ ನೆಪ ಬೇಕಾಯ್ತು ಕಣ್ರೀ.

ನಮ್ಮಲ್ಲೂ ಅದೇ ಪಟ್ಟಿ. ತವರು, ಹೆರಿಗೆ, ಮದುವೆ, ಸಾವು, ಹರಕೆ. ಈಗ ಪಟ್ಟಿಗೆ ಇನ್ನೊಂದು ಸೇರಿದೆ, ಹೀಲಿಂಗು. ನೆಪ ಇಂಗ್ಲಿಷಲ್ಲಿದ್ರೆ ನೆಪ ಅಲ್ಲ ಅಂದ್ಕೊಂಡಿದೀವಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ನೆನಪಿದ್ಯಾ? ಹೆಂಗಸರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ಟಿಲ್ಲ ಅಂದ ತಕ್ಷಣ ಎಷ್ಟು ಜೋಕು, ಎಷ್ಟು ಮೀಮು! "ಕೆಲಸ ಇಲ್ದೆ ಸುಮ್ಸುಮ್ನೆ ತಿರುಗ್ತಾರೆ" ಅಂತ. ಹೌದು ಸ್ವಾಮಿ, ಸುಮ್ಸುಮ್ನೆ. ನಿಮಗೆ ಉರಿದಿದ್ದು ಟಿಕೆಟ್ ದುಡ್ಡಲ್ಲ, ಆ "ಸುಮ್ಸುಮ್ನೆ".

ಸರಿ, ಮರುಭೂಮಿ. ಇಲ್ಲಿಂದ 2000 ಕಿಲೋಮೀಟರ್ ಆಚೀಚೆ. ಅಹಮದಾಬಾದ್‌ವರೆಗೆ ಹೆಚ್ಚೂಕಡಿಮೆ ಒಂದೇ ಹೈವೇ, 48. ಆಮೇಲೆ ಪಾಲನ್‌ಪುರ, ಸಾಂಚೋರ್, ಬಾರ್ಮೇರ್. ಈ ದಾರೀಲಿ ಆತ್ಮಶೋಧನೆ ಮಾಡೋಕೆ ಪುರುಸೊತ್ತೇ ಇರಲ್ಲ, ಟಾಯ್ಲೆಟ್ ಶೋಧನೆ ಮಾಡ್ತಿರ್ತೀರ. ಬಂಕ್‌ನಲ್ಲಿ ಬೀಗ ಹಾಕಿರುತ್ತೆ, ಕೀ ಮ್ಯಾನೇಜರ್ ಹತ್ರ, ಮ್ಯಾನೇಜರ್ ಊಟಕ್ಕೆ. ಬೆಳಗಾವಿ ದಾಟೋವರೆಗೆ ನಾನು ಕುಡಿದಿದ್ದು ಅರ್ಧ ಲೋಟ ನೀರು. ಇದನ್ನ ಯಾವ ಹೀಲಿಂಗ್ ವಿಡಿಯೋದಲ್ಲಾದ್ರೂ ತೋರಿಸ್ತಾರಾ? ದುಪಟ್ಟಾ ಹಾರಿಸೋದು ತೋರಿಸ್ತಾರೆ.

ಮೌನ ಹುಡುಕ್ಕೊಂಡು ಹೋಗೋರಿಗೂ ಒಂದು ಮಾತು. ಜಗತ್ತಲ್ಲಿ ತುಂಬಾ ಜನ ಇರೋ ಮರುಭೂಮಿಗಳಲ್ಲಿ ಥಾರ್ ಒಂದು. ಜೈಸಲ್ಮೇರಿಂದ 40 ಕಿಲೋಮೀಟರ್ ದೂರದಲ್ಲಿ ಸಮ್ ಅಂತ ಮರಳುದಿಬ್ಬಗಳಿವೆ, ಎಲ್ಲರೂ ಹೋಗೋದು ಅಲ್ಲಿಗೇ. ಸೂರ್ಯ ಮುಳುಗೋ ಹೊತ್ತಿಗೆ ಅದು ಮೆಜೆಸ್ಟಿಕ್ಕು. ಜೀಪು, ಡಿಜೆ, ಒಂಟೆಯವರ ಚೌಕಾಸಿ. ಅಲ್ಲಿ ಒಬ್ಬ ಹುಡುಗಿ ಕಣ್ಣು ಮುಚ್ಕೊಂಡು ಧ್ಯಾನಕ್ಕೆ ಕೂತಿದ್ಲು, ಹಿಂದೆ ಒಂಟೆ ಬಂದು ಅವಳ ಬ್ಯಾಗ್ ಮೂಸ್ತಿತ್ತು.

ನಾನು ಖೂರಿ ಅನ್ನೋ ಊರಿನ ಕಡೆ ಹೋದೆ. ಹೋಗಿ, ಡಾಂಬರು ಬಿಟ್ಟು ನಾಲ್ಕೇ ಮಾರು ಮುಂದೆ ಹೋಗಿದ್ದು, ಮುಂದಿನ ಚಕ್ರ ಮರಳಲ್ಲಿ ಕೂತ್ಬಿಡ್ತು. ಎಕ್ಸಲೇಟರ್ ತುಳಿದಷ್ಟೂ ಇಳಿಯುತ್ತೆ. ಆಡು ಹೊಡ್ಕೊಂಡು ಬರ್ತಿದ್ದ ಒಬ್ರು ಅಜ್ಜ ನೋಡಿದ್ರು, "ತುಳೀಬೇಡಿ" ಅಂತ ಕೈಯಾಡಿಸಿದ್ರು. ಟೈರಿನ ಗಾಳಿ ಇಳಿಸೋಕೆ ಹೇಳಿದ್ರು. ಗಾಳಿ ಕಮ್ಮಿಯಾದ್ರೆ ಟೈರು ಅಗಲ ಆಗುತ್ತೆ, ಭಾರ ಹರಡುತ್ತೆ, ಹೂತ್ಕೊಳ್ಳಲ್ಲ. ಚಕ್ರದ ಕೆಳಗೆ ಕಾರಿನ ಮ್ಯಾಟು ಹಾಕಿ, ಎಕ್ಕದ ಕೊಂಬೆ ಮುರಿದು ಹಾಸಿ ಆಚೆಗೆ ತೆಗೆಸಿದ್ರು. ಹೌದು, ಅಲ್ಲೂ ಎಕ್ಕ. ಆಮೇಲೆ ಕಾರನ್ನ ಒಂದು ಸುತ್ತು ಹಾಕಿ ನನ್ನ ಕೇಳಿದ್ರು ಒಂದು ಪ್ರಶ್ನೆ. ಏನಿರಬಹುದು ಹೇಳಿ?

"ಇದು ಎಷ್ಟು ಕೊಡುತ್ತೆ?"

ಮೈಲೇಜ್! ಆ ಅಜ್ಜನ ಕಾಲಿಗೆ ಬೀಳ್ಬೇಕು ಅನ್ನಿಸ್ತು. 18 ಅಂದೆ. ಪರವಾಗಿಲ್ಲ ಅನ್ನೋ ಥರ ತಲೆ ಆಡಿಸಿದ್ರು.

ಮರಗಳ ವಿಷಯನೂ ಹೇಳ್ಬಿಡ್ತೀನಿ, ಸ್ಕ್ರಿಪ್ಟ್‌ನಲ್ಲಿಲ್ಲ ಆದ್ರೂ. ಅವರು ಖೇಜ್ರಿ ಅನ್ನೋದು ನಮ್ಮ ಬನ್ನಿ ಮರನೇ, ವಿಜಯದಶಮಿ ದಿನ ಎಲೆ ಹಂಚ್ತೀವಲ್ಲ ಅದು. 1730ರಲ್ಲಿ ಜೋಧಪುರದ ಹತ್ರ ಖೇಜಡ್ಲಿ ಅನ್ನೋ ಊರಲ್ಲಿ ರಾಜನ ಕಡೆಯೋರು ಈ ಮರ ಕಡಿಯೋಕೆ ಬಂದಾಗ ಅಮೃತಾ ದೇವಿ ಅನ್ನೋ ಹೆಣ್ಣುಮಗಳು ಮರ ತಬ್ಕೊಂಡು ನಿಂತ್ಲು. ಕೊಡಲಿ ನಿಲ್ಲಲಿಲ್ಲ. ಅವತ್ತು ಸತ್ತೋರು 363 ಜನ ಬಿಷ್ಣೋಯಿಗಳು, ಮರ, ಪ್ರಾಣಿ ಕಾಪಾಡೋದೇ ಧರ್ಮ ಅನ್ನೋ ಸಮುದಾಯದೋರು. ಮರ ತಬ್ಕೊಳ್ಳೋದು ಅಂದ್ರೆ ಅದು. ನಮ್ಮೂರಲ್ಲಿ ಕಬ್ಬನ್ ಪಾರ್ಕಲ್ಲಿ ಮರ ತಬ್ಕೊಳ್ಳೋಕೆ ಟಿಕೆಟ್ ಇಟ್ಟಿದ್ರು ಅಂತ ಗಲಾಟೆಯಾಗಿತ್ತು, ಜ್ಞಾಪಕ ಇದ್ಯಾ? ಅದೂ ಹೀಲಿಂಗೇ.

ನಡುವೆ ಒಂದು ಜಾಹೀರಾತು. ನಮ್ಮ ಅತ್ತಿಗೆ ಮಾಡೋ ಶೇಂಗಾ ಚಟ್ನಿಪುಡಿ ಅರ್ಧ ಕೆಜಿ ತಗೊಂಡು ಹೋಗಿದ್ದೆ. ಅಲ್ಲಿ ಬಾಜ್ರಾ ರೋಟಿ ಅಂತಾರಲ್ಲ, ನಮ್ಮ ಸಜ್ಜೆ ರೊಟ್ಟಿ, ಅದಕ್ಕೆ ತುಪ್ಪ ಹಾಕಿ ಇದನ್ನ ಉದುರಿಸ್ಕೊಂಡ್ರೆ... ಲಿಂಕ್ ಕೆಳಗಿದೆ. ಕೂಪನ್ ಕೋಡ್ "ಮರಳು". ಒಬ್ರು ಆಗ್ಲೇ "ಮರಳು ನೋಡೋಕೆ ಹೋದೋಳಿಗೆ ಮರುಳು" ಅಂತ ಬರೆದಿದಾರೆ. ಚೆನ್ನಾಗಿದೆ, ನಿಮಗೂ ಡಿಸ್ಕೌಂಟ್ ಇದೆ.

ಈಗ ಕೆಲವರು ಹೇಳ್ತೀರ, "ಸೇಫ್ಟಿ ಮೇಡಂ, ಕಾಳಜಿಯಿಂದ ಕೇಳಿದ್ದು." ರಾತ್ರಿ ಒಂಬತ್ತೂವರೆಗೆ ಸಿಲ್ಕ್ ಬೋರ್ಡ್ ಹತ್ರ ಆಟೋ ಸಿಗ್ದೆ ನಿಂತಿರ್ತೀನಲ್ಲ, ಆವಾಗ ಎಲ್ಲಿರುತ್ತೆ ಈ ಕಾಳಜಿ? ಇನ್ನು ಕೆಲವರು, "ನಿಜವಾಗ್ಲೂ ನೋವಿರೋರು ಇರ್ತಾರಲ್ವಾ?" ಇರ್ತಾರೆ. ಅವರಿಗೆ ಹೊಸೂರು ರೋಡಲ್ಲಿ ನಿಮ್ಹಾನ್ಸ್ ಇದೆ, ಒಳ್ಳೆ ಡಾಕ್ಟರುಗಳಿದಾರೆ, 2000 ಕಿಲೋಮೀಟರ್ ಹೋಗೋದು ಬೇಡ. ಮರಳಿಗೆ ಎಂಬಿಬಿಎಸ್ ಆಗಿಲ್ಲ. "ಯಾವ ಹೆಂಗಸೂ ಹೀಗೆಲ್ಲ ಹೋಗಲ್ಲ" ಅಂತ ಒಬ್ರು. 1977ರಲ್ಲಿ ರಾಬಿನ್ ಡೇವಿಡ್ಸನ್ ಅನ್ನೋ ಹುಡುಗಿ ನಾಲ್ಕು ಒಂಟೆ, ಒಂದು ನಾಯಿ ಕಟ್ಕೊಂಡು ಆಸ್ಟ್ರೇಲಿಯಾದ ಮರುಭೂಮೀಲಿ 2700 ಕಿಲೋಮೀಟರ್ ನಡ್ಕೊಂಡು ಹೋದ್ಲು. ನಾನು ಎಸಿ ಹಾಕ್ಕೊಂಡು ಹೋಗಿದೀನಿ, ಅದಕ್ಕೇ ಇಷ್ಟು ರಂಪ.

ಗಂಡಸು ಹೋದ್ರೆ ಟ್ರಿಪ್ಪು! ಹೆಂಗಸು ಹೋದ್ರೆ... ಹೇಳಿಯಾಯ್ತಲ್ಲ. ಟೀಶರ್ಟ್.

"ವಿಡಿಯೋದಲ್ಲಿ ತನೋಟ್ ರಸ್ತೇಲಿ ಏನೋ ಕಟ್ ಆಗಿದೆ" ಅಂತ ಒಬ್ರು ಹದ್ದಿನ ಕಣ್ಣಿನೋರು ಕೇಳಿದಾರೆ. ಹೌದು. ಜೈಸಲ್ಮೇರಿಂದ ಸುಮಾರು 120 ಕಿಲೋಮೀಟರ್ ರಸ್ತೆ, ಗಡಿ ಕಡೆಗೆ. ಉದ್ದಕ್ಕೂ ಏನೂ ಇಲ್ಲ. ಒಂದು ಕಡೆ ಕಾರು ನಿಲ್ಲಿಸಿ ಒಂದು ಅರ್ಧ ಗಂಟೆ ಕೂತಿದ್ದೆ. ಅದನ್ನ ಹಾಕಿಲ್ಲ. ಯಾಕೆ ಅಂದ್ರೆ... ಬ್ಯಾಟರಿ ಇರ್ಲಿಲ್ಲ. ಕಣ್ಣಿಗೆ ಮರಳು ಬೇರೆ ಬಿದ್ದಿತ್ತು. ಮುಂದಿನ ಪ್ರಶ್ನೆ.

ಮುಂದಿನ ಪ್ರಶ್ನೆ, "ಮನೇಲಿ ಏನು ಹೇಳಿ ಹೋದ್ರಿ?"

ಅದು... ತನೋಟ್ ಮಾತಾ ದೇವಸ್ಥಾನ ಇದೆ ಅಲ್ಲಿ, ಗಡಿ ಕಾಯೋ ಬಿಎಸ್‌ಎಫ್‌ನೋರೇ ನೋಡ್ಕೊಳ್ಳೋದು. 1965ರ ಯುದ್ಧದಲ್ಲಿ ಬಿದ್ದ ಶೆಲ್ಲುಗಳು ಅಮ್ಮನ ಮಹಿಮೆಯಿಂದ ಸಿಡೀಲಿಲ್ಲ ಅಂತ ನಂಬಿಕೆ. ಶೆಲ್ಲುಗಳನ್ನ ಜೋಡಿಸಿಟ್ಟಿದಾರೆ. ಹರಕೆಗೆ ಕರ್ಚೀಫ್ ಕಟ್ತಾರೆ. ಅತ್ತೆ ಹತ್ರ ನಾನು... ಹರಕೆ ಇದೆ ಅಂದಿದ್ದೆ. ನಗ್ಬೇಡಿ! ಬರ್ತಾ ಬೆಂಝ್‌ಗೇ ನೆಪ ಬೇಕಿತ್ತು, ನಾನ್ಯಾವ ಲೆಕ್ಕ?

ಪ್ರಸಾದ ತಂದುಕೊಟ್ಟೆ, ಕಣ್ಣಿಗೊತ್ಕೊಂಡ್ರು. ಆಮೇಲೆ ಸೊಪ್ಪು ಬಿಡಿಸ್ತಾ ಮೆಲ್ಲಗೆ ಅಂದ್ರು, "ಮುಂದಿನ ಸಲ ನನ್ನೂ ಕರ್ಕೊಂಡು ಹೋಗೇ. ನಂಗೂ ಒಂದು ಹರಕೆ ಇದೆ."

ಏನು ಹರಕೆ ಅತ್ತೆ ಅಂದೆ.

"ಯೋಚ್ನೆ ಮಾಡಿ ಹೇಳ್ತೀನಿ" ಅಂದ್ರು.