ಓಟದ ಸ್ನಾಯುವಿಗೆ ಕಾವಲು ಕೆಲಸ

ತೊಡೆಯ ಒಳಮೈಯಲ್ಲಿ, ತೊಡೆಸಂದಿನಿಂದ ಮೊಣಕಾಲಿನ ಕೆಳಗಿನವರೆಗೆ ಪಟ್ಟಿಯ ಹಾಗೆ ಇಳಿಯುವ ತೆಳ್ಳನೆಯ ಸ್ನಾಯು ಒಂದಿದೆ. ಹೆಸರು ಗ್ರಾಸಿಲಿಸ್. ಅದನ್ನು ಬಿಡಿಸಿ ತೆಗೆದರೂ ನಡಿಗೆ ಕೆಡುವುದಿಲ್ಲ, ಅಕ್ಕಪಕ್ಕದ ಸ್ನಾಯುಗಳು ಸಂಭಾಳಿಸುತ್ತವೆ. ಮಲ ತಡೆದುಕೊಳ್ಳಲಾಗದ ಮಕ್ಕಳಿಗೆ ಈ ಸ್ನಾಯುವನ್ನೇ ಗುದದ ಸುತ್ತ ಸುತ್ತಿ, 1952ರಲ್ಲಿ ಅಮೆರಿಕದ ಶಸ್ತ್ರವೈದ್ಯ ಪಿಕ್ರೆಲ್ ಮತ್ತು ಸಂಗಡಿಗರು ವರದಿ ಮಾಡಿದರು.

ಅಂದಿನಿಂದ ಇಂದಿನವರೆಗೂ ಸುತ್ತುವ ಕೈಚಳಕದ ಬಗ್ಗೆಯೇ ಮಾತು. ಸುತ್ತಿದ ಮೇಲೆ ಆ ಸ್ನಾಯು ದಿನವಿಡೀ ಏನು ಮಾಡಬೇಕು ಅನ್ನುವುದನ್ನು ಕೇಳುವವರು ಕಡಿಮೆ. ನನ್ನ ತಕರಾರು ಅದೇ.

ಕೈಚಳಕ ಸಣ್ಣದಲ್ಲ, ಒಪ್ಪುತ್ತೇನೆ. ಮೊಣಕಾಲಿನ ಕೆಳಗೆ ಸ್ನಾಯುವಿನ ತುದಿ ಬಿಡಿಸುತ್ತಾರೆ. ಮೇಲ್ತುದಿಯ ಹತ್ತಿರ ಒಳಸೇರುವ ನರ ಮತ್ತು ಮುಖ್ಯ ರಕ್ತನಾಳಕ್ಕೆ ಮಾತ್ರ ಕೈ ತಾಗಬಾರದು. ಅದು ಎಳೆದುಹೋದರೆ ಸ್ನಾಯು ಅಲ್ಲೇ ಸಾಯುತ್ತದೆ. ಚರ್ಮದಡಿ ಸುರಂಗ ಮಾಡಿ ತಂದು, ಗುದದ ಸುತ್ತ ಬಳಸಿ, ತುದಿಯನ್ನು ಎದುರು ಬದಿಯ ಕೂರುವ ಮೂಳೆಗೆ ಹೊಲಿಯುತ್ತಾರೆ. ಹೊಲಿಯುವ ಮೊದಲು ಅಗಲಿಸಿಟ್ಟ ಕಾಲುಗಳನ್ನು ಹತ್ತಿರ ತರಬೇಕು. ಕಾಲು ಅಗಲವಿದ್ದಾಗ ಸ್ನಾಯು ಎಳೆದುಕೊಂಡಿರುತ್ತದೆ. ಆಗ ಬಿಗಿ ಸರಿ ಅನಿಸಿದ್ದು, ಕಾಲು ಕೂಡಿಸಿದ ಕೂಡಲೇ ಸಡಿಲ. ಬೆರಳು ಹಾಕಿ ನೋಡಿಯೇ ಬಿಗಿ ನಿರ್ಧಾರ. ತೀರಾ ಬಿಗಿಯಾದರೆ ಸೋರುವ ಕಾಯಿಲೆ ಹೋಗಿ ತಿಣುಕಿದರೂ ಆಗದ ಕಾಯಿಲೆ ಬರುತ್ತದೆ.

ಇಷ್ಟೆಲ್ಲ ಸರಿಯಾದರೂ ಮೂಲ ತೊಡಕು ಉಳಿಯಿತು. ಗುದದ ಒಳಸ್ನಾಯು ನಾವು ನಿದ್ದೆಯಲ್ಲಿದ್ದಾಗಲೂ ಬಿಗಿ ಹಿಡಿದೇ ಇರುತ್ತದೆ. ಗ್ರಾಸಿಲಿಸ್‌ನಲ್ಲಿ ಹೆಚ್ಚಿರುವುದು ಬೇಗ ಹಿಡಿದು ಬೇಗ ದಣಿಯುವ ಎಳೆಗಳು. ರೋಗಿ ತೊಡೆ ಒತ್ತಿ ಹಿಡಿದುಕೊಂಡರೆ ಬಿಗಿಯುತ್ತದೆ, ಸ್ವಲ್ಪ ಹೊತ್ತಿಗೆ ಸೋಲುತ್ತದೆ. ಸೀನು ಬಂದರೆ, ಕಣ್ಣು ಹತ್ತಿದರೆ, ಕಾವಲಿಗೆ ಯಾರೂ ಇಲ್ಲ.

ಇದಕ್ಕೆ ಮದ್ದು ಹುಡುಕಿದವರು ಇಬ್ಬರು ಶಸ್ತ್ರವೈದ್ಯರು: ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಬೇಟನ್, ಲಂಡನ್ನಿನಲ್ಲಿ ನಾರ್ಮನ್ ವಿಲಿಯಮ್ಸ್. 1980ರ ದಶಕದ ಕೊನೆಯ ಹೊತ್ತು. ಪೇಸ್‌ಮೇಕರ್‌ನಂಥ ಪೆಟ್ಟಿಗೆಯನ್ನು ಹೊಟ್ಟೆಯ ಗೋಡೆಯಲ್ಲಿ ಹುದುಗಿಸಿ ಸ್ನಾಯುವಿಗೆ ತಂತಿ ಎಳೆದರು. ಮೆಲ್ಲನೆಯ ವಿದ್ಯುತ್ ಮಿಡಿತವನ್ನು ದಿನದಿನಕ್ಕೆ ಹೆಚ್ಚು ಹೊತ್ತು ಕೊಡುತ್ತ ಹೋದರೆ ಸುಮಾರು 8 ವಾರಗಳಲ್ಲಿ ದಣಿಯುವ ಎಳೆಗಳು ದಣಿಯದ ಎಳೆಗಳಾಗುತ್ತವೆ. ಸಂಡಾಸಿಗೆ ಹೋಗುವಾಗ ಹೊರಗಿನಿಂದ ಆಫ್ ಮಾಡುವುದು, ಬಂದ ಮೇಲೆ ಆನ್. ನನ್ನ ಮಟ್ಟಿಗೆ ಈ ಆಪರೇಷನ್ನಿನ ಜಾಣತನವೆಲ್ಲ ಈ 8 ವಾರದಲ್ಲಿದೆ.

ಆದರೆ ಬೆಲೆಯೂ ಅಲ್ಲೇ. ಮಲದ ದಾರಿಯ ಪಕ್ಕದಲ್ಲೇ ಲೋಹದ ಸಾಮಾನು ಇಟ್ಟರೆ ಸೋಂಕು ಕಾದು ಕೂತಿರುತ್ತದೆ. ಕೀವು ತುಂಬಿದರೆ ಪೆಟ್ಟಿಗೆ ಹೊರಗೆ. ತಂತಿ ಜಾರುತ್ತದೆ, ಬ್ಯಾಟರಿ ಮುಗಿಯುತ್ತದೆ, ಮತ್ತೆ ಆಪರೇಷನ್. ಇನ್ನೊಂದು, ಗುದನಾಳಕ್ಕೆ 'ತುಂಬಿತು' ಅನ್ನುವ ಅರಿವೇ ಇಲ್ಲದವರಿಗೆ ಎಂಥ ಬಿಗಿಪಟ್ಟಿ ಕಟ್ಟಿದರೂ ಉಪಯೋಗ ಕಡಿಮೆ.

ಹೆರಿಗೆಯಲ್ಲಿ ಹರಿದ ಗುದದ ಸ್ನಾಯುವಿನ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುವುದು ಬೇರೆ ಆಪರೇಷನ್, ಇದಕ್ಕಿಂತ ಸರಳ. ಅದೂ ಕಾಲಕ್ರಮೇಣ ಸಡಿಲವಾಗುತ್ತದೆ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ವೈದ್ಯರು 2000ದಲ್ಲಿ ಪ್ರಕಟಿಸಿದ ವರದಿಯಲ್ಲಿ, 5 ವರ್ಷ ದಾಟಿದ ಮೇಲೆ ಮಲ, ಗಾಳಿ ಎರಡನ್ನೂ ಪೂರ್ತಿ ತಡೆಯಬಲ್ಲವರು ಒಬ್ಬರೂ ಇರಲಿಲ್ಲ. ಹೊಲಿಗೆಗೆ ಮುಂಚೆ ಇದನ್ನು ರೋಗಿಯ ಮುಖಕ್ಕೇ ಹೇಳಬೇಕು.

ಹಾಗಾಗಿ ಚಿಕಿತ್ಸೆಗೆ ನನ್ನ ಕ್ರಮ ಹೀಗೆ. ಮೊದಲು ಮಲ ಗಟ್ಟಿ ಮಾಡಿ: ಇಸಬ್ಗೋಲು, ವೈದ್ಯರು ಹೇಳಿದ ಪ್ರಮಾಣದಲ್ಲಿ ಭೇದಿ ತಡೆಯುವ ಔಷಧಿ ಲೋಪೆರಮೈಡ್, ಜೊತೆಗೆ ಗುದದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ. ಆಮೇಲೆ ಗುದದೊಳಗಿನ ಅಲ್ಟ್ರಾಸೌಂಡ್. ಹರಿದಿರುವುದೆಲ್ಲಿ ಅಂತ ನೋಡದೆ ಚಾಕು ಬೇಡ. ನಂತರ ಬೆನ್ನ ಕೆಳಗಿನ ನರಕ್ಕೆ ಮಿಡಿತ ಕೊಡುವ ಚಿಕಿತ್ಸೆ. ಜರ್ಮನಿಯ ಮಾಟ್ಸೆಲ್ 1995ರಲ್ಲಿ ವರದಿ ಮಾಡಿದ್ದು ಅದು. ಅದರ ಒಳ್ಳೆಯ ಗುಣ, ತಾತ್ಕಾಲಿಕ ತಂತಿ ಹಾಕಿ ಎರಡು ಮೂರು ವಾರ ಪರೀಕ್ಷಿಸಬಹುದು. ಸೋರುವುದು ಅರ್ಧದಷ್ಟಾದರೂ ಇಳಿಯದಿದ್ದರೆ ತಂತಿ ಕಿತ್ತು ಮನೆಗೆ. ತೊಡೆಯ ಸ್ನಾಯು ಒಮ್ಮೆ ಬಿಡಿಸಿದ ಮೇಲೆ ಅಂಥ ಪರೀಕ್ಷೆ ಇಲ್ಲ. ಗುದದ ಸ್ನಾಯುವೇ ಇಲ್ಲದೆ ಹುಟ್ಟಿದವರು, ಅಪಘಾತದಲ್ಲಿ ಪೂರ್ತಿ ಕಳೆದುಕೊಂಡವರು, ಇಂಥವರಿಗೆ ಮಾತ್ರ ತೊಡೆಯ ಸ್ನಾಯುವಿನ ಆಪರೇಷನ್ ಮೀಸಲಿಡಿ.

ಹೊಟ್ಟೆಯ ಮೇಲೆ ಚೀಲ ಹಾಕುವ ಕೊಲೊಸ್ಟೊಮಿಯನ್ನು ಸೋಲು ಅಂತ ಕರೆಯುವುದನ್ನು ನಿಲ್ಲಿಸಿ. ಕೆಲವರಿಗೆ ಅದೇ ಹೊರಗೆ ಓಡಾಡುವ ಬದುಕು ಕೊಡುತ್ತದೆ. ಆದರೆ ಜಾಗ ಗುರುತಿಸುವಾಗ ಮಲಗಿಸಿ ಮಾತ್ರ ನೋಡಬೇಡಿ. ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ. ಸೀರೆಯುಡುವವರಾದರೆ ಲಂಗದ ಲಾಡಿ ಎಲ್ಲಿ ಬರುತ್ತದೆ, ಪಂಚೆ ಉಡುವವರಾದರೆ ಗಂಟು ಎಲ್ಲಿ, ಅದನ್ನು ಕೇಳಿ ಪೆನ್ನಿನಲ್ಲಿ ಗುರುತು ಹಾಕಿ, ಆ ಗೆರೆಯಿಂದ ದೂರ ಇರಿಸಿ.