ರೈಲು ಟಿಕೆಟ್ ದುಡ್ಡಲ್ಲಿ ವಿದೇಶ, ಗದ್ದೆ ಕೆಲಸಕ್ಕೆ ಊಟ

ಈ ಫೋಟೋದಲ್ಲಿರೋ ಕೆಸರು ನೋಡಿ. ಕಾಲಿಟ್ಟರೆ ಮೊಣಕಾಲವರೆಗೂ ಇಳಿಯುತ್ತೆ. ನಮ್ಮ ಮಂಡ್ಯದ ಗದ್ದೆ ಅಂದುಕೊಂಡ್ರಾ? ಅಲ್ಲ. ಇದು ನೇಪಾಳ. ಪೋಖರಾ ಹತ್ತಿರ ಬೇಗ್ನಾಸ್ ಕೆರೆಯ ಮೇಲಿರುವ ಒಂದು ಹಳ್ಳಿ. ಸಾಲಾಗಿ ಬಗ್ಗಿ ನಾಟಿ ಹಾಕುತ್ತಿದ್ದಾರಲ್ಲ, ಅವರಲ್ಲಿ ಎಡಗಡೆಯಿಂದ ಮೂರನೆಯವನು ನಾನು.

ಡಿಗ್ರಿ ಮುಗಿಯುವುದರೊಳಗೆ ಒಂದು ಸಲ ಹೊರದೇಶ ನೋಡಬೇಕು, ಸುಮ್ನೆ ಸುತ್ತಿ ಬರೋದಲ್ಲ, ಯಾರಿಗಾದರೂ ಕೆಲಸಕ್ಕೆ ಬರಬೇಕು ಅಂತ ಆಸೆ ಇತ್ತು. ಒಂದು ಏಜೆನ್ಸಿಗೆ ಫೋನ್ ಮಾಡಿದೆ. ಎರಡು ವಾರ ಸ್ವಯಂಸೇವೆ ಮಾಡೋಕೆ ಒಂದೂವರೆ ಲಕ್ಷ ಕೇಳಿದರು. ವಿಮಾನದ ಖರ್ಚು ಬೇರೆ. ವರ್ಷಪೂರ್ತಿ ದುಡಿದರೂ ನಮ್ಮಪ್ಪನ ಕೈಯಲ್ಲಿ ಅಷ್ಟು ಉಳಿಯಲ್ಲ. ಅವತ್ತು ರಾತ್ರಿ ಪ್ರಶ್ನೆಯನ್ನೇ ಬದಲಾಯಿಸಿದೆ. ಯಾವ ದೇಶಕ್ಕೆ ಹೋಗಲಿ ಅನ್ನೋದು ಬಿಟ್ಟು, ನನಗೆ ಬರೋ ಕೆಲಸ ಎಲ್ಲಿ ಬೇಕಾಗಿದೆ ಅಂತ ಹುಡುಕಿದೆ. ನನಗೆ ಗದ್ದೆ ಕೆಲಸ ಬರುತ್ತೆ.

ಆಗ ಸಿಕ್ಕಿದ್ದು ವೂಫ್. 1971ರಲ್ಲಿ ಇಂಗ್ಲೆಂಡಿನಲ್ಲಿ ಸೂ ಕೊಪ್ಪಾರ್ಡ್ ಎಂಬ ಲಂಡನ್ನಿನ ಸೆಕ್ರೆಟರಿ ಶುರು ಮಾಡಿದ ವ್ಯವಸ್ಥೆ. ಸಾವಯವ ಕೃಷಿ ಮಾಡುವವರ ಮನೆಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕೆಲಸ ಮಾಡಿದರೆ ಊಟ, ವಸತಿ ಅವರದು. ಸಂಬಳ ಇರಲ್ಲ. ವರ್ಷಕ್ಕೊಂದು ಸದಸ್ಯತ್ವ ಶುಲ್ಕ ಕಟ್ಟಬೇಕು, ಅಷ್ಟೇ. ವರ್ಕ್‌ಅವೇ ಅನ್ನೋ ವೆಬ್‌ಸೈಟ್ ಕೂಡ ಇದೇ ಥರ. ಅದರಲ್ಲಿ ಇಬ್ಬರು ಗೆಳೆಯರು ಸೇರಿ ಒಂದೇ ಖಾತೆ ಮಾಡಿಕೊಳ್ಳಬಹುದು.

ಇನ್ನು ದಾರಿ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಎರಡು ದಿನದ ಪ್ರಯಾಣ. ಸ್ಲೀಪರ್ ಟಿಕೆಟ್ ಸಾವಿರ ರೂಪಾಯಿಯ ಆಸುಪಾಸು. ಅಲ್ಲಿಂದ ಬಸ್ಸಿನಲ್ಲಿ ಸುನೌಲಿ. ಸುನೌಲಿಯಲ್ಲಿ ಗಡಿ ದಾಟಿದ್ದು ನಡ್ಕೊಂಡೇ! ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಕಾರ್ಡ್ ಸಾಕು. ಆಧಾರ್ ನಂಬಿಕೊಂಡು ಹೋಗಬೇಡಿ. ನಮ್ಮ 100 ರೂಪಾಯಿಗೆ ಅಲ್ಲಿನ 160, 1993ರಿಂದ ಅದೇ ದರ. ವಾಚನ್ನು 15 ನಿಮಿಷ ಮುಂದಕ್ಕೆ ತಿರುಗಿಸಿ, ಪೋಖರಾ ಬಸ್ ಹತ್ತಿದೆ. ಬೆಟ್ಟದ ದಾರಿ, ಇಡೀ ದಿನ ಹಿಡಿಯಿತು.

ನಾನು ಉಳಿದುಕೊಂಡ ಮನೆಯ ಯಜಮಾನಿಯನ್ನು ಎಲ್ಲರೂ ಆಮಾ ಅಂತಾರೆ. ಆಮಾ ಅಂದ್ರೆ ಅಮ್ಮ. ಮೊದಲ ಬೆಳಗ್ಗೆ ಅವರು 'ಕೋದಾಲೋ' ತಗೊಂಡು ಬಾ ಅಂದರು. ನಾನು ಹೋಗಿ ಕೊಡಲಿ ಹಿಡಿದುಕೊಂಡು ಬಂದೆ. ಅವರಿಗೆ ಬೇಕಿದ್ದದ್ದು ಗುದ್ದಲಿ. ಬದು ಕಟ್ಟುವ ಕೆಲಸ ಇತ್ತು.

ಈ ಗದ್ದೆಗಳು ಬೆಟ್ಟಕ್ಕೆ ಮೆಟ್ಟಿಲು ಕಡಿದ ಹಾಗಿವೆ. ಕೆಲವು ಎಷ್ಟು ಸಣ್ಣ ಅಂದ್ರೆ ನಮ್ಮೂರ ಥರ ಹಗ್ಗ ಹಿಡಿದು ಸಾಲು ಹಾಕೋಕೆ ಜಾಗವೇ ಇಲ್ಲ. ಕಣ್ಣಳತೆಯಲ್ಲೇ ನೆಡಬೇಕು. ಮೂರು ಪೈರು ಹಿಡಿದು ಹೆಬ್ಬೆರಳಲ್ಲಿ ಒತ್ತೋದು ಮಾತ್ರ ನನ್ನವ್ವ ಕಲಿಸಿದ ಹಾಗೇ. ಆಮಾ ಒಂದು ನಿಮಿಷ ನಿಂತು ನನ್ನ ಕೈ ನೋಡಿದರು. ಏನೂ ಹೇಳಲಿಲ್ಲ. ಪೈರಿನ ಇನ್ನೊಂದು ಕಟ್ಟನ್ನು ನನ್ನ ಮುಂದೆ ಎಸೆದು ಹೋದರು. ಅವತ್ತು ಆದಷ್ಟು ಖುಷಿ ಯಾವ ಸರ್ಟಿಫಿಕೇಟ್ ಸಿಕ್ಕಿದಾಗಲೂ ಆಗಿಲ್ಲ.

ಅವರ ಅಸಾರ್ ತಿಂಗಳ 15ನೇ ದಿನ, ಅಂದರೆ ಜೂನ್ ಕೊನೆಗೆ, ನಾಟಿ ಹಬ್ಬ. ಹಾಡು, ಒಬ್ಬರ ಮೇಲೊಬ್ಬರು ಕೆಸರು ಎರಚೋದು. ಆಮೇಲೆ ಗದ್ದೆ ಬದಿಯಲ್ಲೇ ಕೂತು ದಹಿ ಚಿಯುರಾ. ತಟ್ಟೆ ನೋಡಿದರೆ ನಮ್ಮ ಮೊಸರವಲಕ್ಕಿ! ಒಗ್ಗರಣೆ ಒಂದಿಲ್ಲ.

ಒಂದು ವಿಷಯ ಮಾತ್ರ ದಯವಿಟ್ಟು ಕೇಳಿ. ನೇಪಾಳ ಅಂದ ಕೂಡಲೇ ಅನಾಥಾಶ್ರಮದಲ್ಲಿ ಸೇವೆ ಮಾಡಿ ಅನ್ನೋ ಜಾಹೀರಾತು ಜಾಸ್ತಿ ಕಾಣುತ್ತೆ. ಹೋಗಬೇಡಿ. ಅಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ ಅಂತ ಯುನಿಸೆಫ್ ಎಚ್ಚರಿಸಿದೆ. ನಾವು ಕೊಡುವ ದುಡ್ಡಿನ ಆಸೆಗೆ ಮಕ್ಕಳನ್ನು ಹಳ್ಳಿಯಿಂದ ಕರೆತಂದು ಇಟ್ಟುಕೊಳ್ಳುವವರಿದ್ದಾರೆ. ಎರಡು ವಾರ ಎತ್ತಿ ಆಡಿಸಿ ಬಿಟ್ಟು ಬಂದರೆ ಆ ಮಗುವಿಗೆ ಏನಾಗುತ್ತೆ, ಯೋಚನೆ ಮಾಡಿ.

ದೂರದ ದೇಶಕ್ಕೇ ಹೋಗಬೇಕು ಅನ್ನೋರು ಮೊದಲು ವೀಸಾ ನಿಯಮ ಓದಿ. ಸಂಬಳ ಇಲ್ಲದ ಕೆಲಸವನ್ನೂ ಕೆಲಸ ಅಂತಲೇ ಲೆಕ್ಕ ಹಾಕುವ ದೇಶಗಳಿವೆ. ಬ್ರಿಟನ್ನಿನ ವಿಸಿಟರ್ ವೀಸಾದಲ್ಲಿ ನೋಂದಾಯಿತ ಚಾರಿಟಿಗೆ 30 ದಿನದವರೆಗೆ ಸ್ವಯಂಸೇವೆ ಮಾಡಬಹುದು, ತೋಟದ ಕೆಲಸಕ್ಕೆ ಅದು ಆಗಲ್ಲ.

ಈಗ ನೀವು ಮಾಡಬೇಕಾದ್ದು ಒಂದಿದೆ. 18 ತುಂಬಿದೆ, ವೋಟರ್ ಕಾರ್ಡ್ ಇನ್ನೂ ಮಾಡಿಸಿಲ್ಲ ಅಲ್ವಾ? ಈ ವಾರವೇ ಫಾರಂ 6, ಅಂದರೆ ಹೊಸ ಮತದಾರರ ಅರ್ಜಿ, ಹಾಕಿ. ಮನೆಯಲ್ಲೇ ಕೂತು ಫೋನಿನಲ್ಲೂ ಹಾಕಬಹುದು.